ಕಕ್ಕಡದ ಮಳೆಗೂ ಜಗ್ಗದ ಡಬ್ಬಾ ಟಿವಿ

ಹೋದ ವರ್ಷ ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಹನ್ನೊಂದು ದಿನ ಸೋಮವಾರಪೇಟೆ ಕಡೆ ಬಿಸಿಲೇ ಕಾಣಲಿಲ್ಲ. ಗೋಡೆ ಬೆವರುತ್ತಿತ್ತು, ಬೀರುವಿನಲ್ಲಿದ್ದ ಬೆಲ್ಟಿಗೂ ಬೂಸ್ಟು. ಆ ಹನ್ನೊಂದು ದಿನವೂ, ಹಳೇ ಡಬ್ಬಾ ಟಿವಿ ಹಾಕಿ ನಾನೇ ಮಾಡಿದ ವಿಡಿಯೋ ಗೇಮ್ ಪೆಟ್ಟಿಗೆ ಒಂದೇ ಸ್ವಿಚ್ಚಿಗೆ ಹತ್ತಿಕೊಂಡಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. "ಪಿಕ್ಚರ್ ಟ್ಯೂಬ್ ಬೇಡ ಮಾರಾಯ, ನಮ್ಮೂರ ಥಂಡಿಗೆ ಎಲ್‌ಓಟಿ ಸಿಡಿದು ಹೋಗ್ತದೆ, ಸುಮ್ನೆ ಎಲ್‌ಇಡಿ ಹಾಕು" ಅಂತ ಭಾವ ಹೇಳಿದ್ದರು. ಎಲ್‌ಓಟಿ ಅಂದರೆ ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್. ಮೈಸೂರಿನ ಗೆಳೆಯನೂ ಅದನ್ನೇ ಹೇಳಿದ್ದ. ಆಚಾರ್ರಂತೂ ಅಳತೆ ನೋಡಿ, "ಏನಣ್ಣ ಇದು, ಟಿವಿಗೆ ಬೀರುವಾ, ದೇವರ ಮಂಟಪವಾ?" ಅಂತ ಕೇಳಿದ್ದರು.

ಎಲ್‌ಇಡಿ ಯಾಕೆ ಬೇಡ ಅಂತ ಡಬ್ಬಾ ಟಿವಿಯಲ್ಲಿ ಆಡಿ ಬೆಳೆದವರಿಗೆ ನಾನು ಹೇಳಬೇಕಿಲ್ಲ. ಎಲ್‌ಇಡಿಯಲ್ಲಿ ಹಳೇ ಆಟದ ಗೊಂಬೆಗಳು ಕತ್ತರಿಸಿ ಅಂಟಿಸಿದ ಇಟ್ಟಿಗೆ ಥರ ಕಾಣುತ್ತವೆ.

ಮೊದಲ ಟಿವಿ 14 ಇಂಚಿನದು, ಅತ್ತೆ ಮನೆ ಅಟ್ಟದಲ್ಲಿ ಬಿದ್ದಿತ್ತು, ಪುಕ್ಕಟೆ. ಅದನ್ನು ಕೊಂದವನು ನಾನೇ. ಟ್ಯೂಬಿಗೆ ಹೈವೋಲ್ಟೇಜ್ ತಂತಿ ಸೇರುವ ಕಡೆಯ ರಬ್ಬರ್ ಕ್ಯಾಪಿನಡಿ ಸ್ಕ್ರೂಡ್ರೈವರ್ ತೂರಿಸಿ, ಒಳಗೆ ಉಳಿದ ಚಾರ್ಜ್ ಇಳಿಸಿ ಡಿಸ್ಚಾರ್ಜ್ ಮಾಡಿದ್ದೆ, 'ಚಟ್' ಅಂತ ಸದ್ದೂ ಬಂದಿತ್ತು. ಕಾಫಿ ಕುಡಿದು ಅರ್ಧ ಗಂಟೆ ಬಿಟ್ಟು ಬಂದು ಧೈರ್ಯವಾಗಿ ಕ್ಯಾಪಿಗೆ ಕೈ ಹಾಕಿದೆ. ಟ್ಯೂಬಿನಲ್ಲಿ ಚಾರ್ಜ್ ಮತ್ತೆ ಕೂಡಿಕೊಂಡಿತ್ತು. ಶಾಕ್ ಅಂಥಾ ದೊಡ್ಡದೇನಲ್ಲ. ಆದರೆ ನಾನು ಕೈ ಎಳೆದುಕೊಂಡ ರಭಸಕ್ಕೆ ಮೊಣಕೈ ಹೋಗಿ ಟ್ಯೂಬಿನ ಕತ್ತಿಗೆ ಬಡಿಯಿತು. 'ಸುಯ್...' ಅಂತ ಒಳಗೆ ಗಾಳಿ ನುಗ್ಗಿದ ಸದ್ದು. ಸೈಕಲ್ ಟ್ಯೂಬ್ ಪಂಚರ್ ಆದ ಹಾಗೇ, ಆದರೆ ಉಲ್ಟಾ. ಈಗ ಎರಡು ಸಲ ಡಿಸ್ಚಾರ್ಜ್ ಮಾಡುತ್ತೇನೆ, ಕೆಲಸ ಮುಗಿಯುವವರೆಗೂ ಚಾರ್ಜ್ ಇಳಿಸುವ ಕ್ಲಿಪ್ ತಂತಿ ತೆಗೆಯುವುದಿಲ್ಲ.

ಎರಡನೆಯದು ಕುಶಾಲನಗರದ ಗುಜರಿಯಲ್ಲಿ 400 ರೂಪಾಯಿಗೆ ಸಿಕ್ಕಿದ 21 ಇಂಚಿನ ಸೆಟ್ಟು. ಅವನು 600 ಹೇಳಿದ್ದ. ಚಿತ್ರ ಮೇಲಿಂದ ಮೂರು ಬೆರಳಗಲ ಕುಗ್ಗಿತ್ತು. ಚಿತ್ರದ ಎತ್ತರ ನೋಡಿಕೊಳ್ಳುವ ವರ್ಟಿಕಲ್ ಐಸಿ ಸುತ್ತ ಒಣಗಿದ್ದ ನಾಲ್ಕು ಕೆಪಾಸಿಟರ್ ಬದಲಾಯಿಸಿ, ಎಲ್‌ಓಟಿ ಕಾಲುಗಳಲ್ಲಿ ಬಿರುಕು ಬಿಟ್ಟ ಬೆಸುಗೆ ಮತ್ತೆ ಹಚ್ಚಿದೆ, ಸರಿಯಾಯಿತು. ಖರ್ಚು 60-70 ರೂಪಾಯಿ ಇರಬಹುದು.

ಪೆಟ್ಟಿಗೆ ವಿಷಯದಲ್ಲಿ ಜಾಣತನ ಮಾಡಲು ಹೋಗಿ ದುಡ್ಡು ಕಳೆದೆ. ತೋಟದಲ್ಲಿ ಒಂದು ಸಿಲ್ವರ್ ಮರ ಗಾಳಿಗೆ ಬಿದ್ದಿತ್ತು, ಮೆಣಸಿನ ಬಳ್ಳಿ ಸಮೇತ. ಮರ ಮನೆಯದೇ ಇರುವಾಗ ಪ್ಲೈವುಡ್ ಯಾಕೆ ಅಂತ ಸಾಮಿಲ್ಲಿಗೆ ಸಾಗಿಸಿ ಹಲಗೆ ಮಾಡಿಸಿದೆ. ಸಾಗಾಟ, ಕೊಯ್ಲು ಸೇರಿ 1,800. ಆಚಾರ್ರು "ಇದು ಇನ್ನೂ ಒಣಗಿಲ್ಲ" ಅಂದರೂ ಕೇಳಲಿಲ್ಲ. ಮೂರು ತಿಂಗಳಿಗೆ ಎಡಗಡೆ ಹಲಗೆ ಹಪ್ಪಳದ ಹಾಗೆ ಎದ್ದು ನಿಂತಿತು, ಟ್ಯೂಬಿನ ಮೂಲೆಗಳಲ್ಲಿ ಹಿಡಿದಿಡುವ ಕಿವಿಗಳಲ್ಲಿ ಒಂದರ ಸ್ಕ್ರೂ ಕಿತ್ತುಕೊಂಡಿತ್ತು. ಅಷ್ಟು ಭಾರದ ಟ್ಯೂಬು ಉಳಿದ ಮೂರು ಕಿವಿಯಲ್ಲಿ ನೇತಾಡುತ್ತಿದ್ದದ್ದನ್ನು ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ 18 ಎಂಎಂ ವಾಟರ್‌ಪ್ರೂಫ್ ಪ್ಲೈ ಒಂದೂವರೆ ಶೀಟು ತಂದೆ, ಸುಮಾರು 5,000 ಆಯಿತು. ಟ್ಯೂಬಿನ ಭಾರ ಈಗ ಕಿವಿಯ ಮೇಲಿಲ್ಲ, ಅಡಿಗೆ ಕೊಟ್ಟ ಹಲಸಿನ ತೊಟ್ಟಿಲಿನ ಮೇಲಿದೆ. ತೊಟ್ಟಿಲನ್ನು ಹೇಗೆ ಕೆತ್ತಿದ್ದು ಅನ್ನುವುದು ಆಚಾರ್ರ ವಿದ್ಯೆ, ಅವರನ್ನೇ ಕೇಳಬೇಕು.

ಇನ್ನು ಬಣ್ಣದ ಕಥೆ. ಒಳಗೆ ಆಟ ಓಡಿಸುವುದು ಸೆಕೆಂಡ್‌ಹ್ಯಾಂಡ್ ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರ್, ಅದರ ಹೆಡ್‌ಫೋನ್ ತೂತಿನಲ್ಲೇ ವಿಡಿಯೋ ಬರುತ್ತದೆ. ಮೊದಲು ತಂದ ಕೇಬಲ್ಲಿನಲ್ಲಿ ಗ್ರೌಂಡೂ ವಿಡಿಯೋನೂ ಅದಲುಬದಲು. ಚಿತ್ರ ಉರುಳುತ್ತಿತ್ತು, ಎರಡು ದಿನ ಟಿವಿಯನ್ನೇ ಬೈದೆ. ಕತ್ತರಿಸಿ ಬೆಸೆದ ಮೇಲೆ ಚಿತ್ರ ನಿಂತಿತು. ನಮ್ಮ ಟಿವಿಗಳ ಪ್ಯಾಲ್ ಪದ್ಧತಿಯಲ್ಲಿ ಬಿಟ್ಟರೆ ಬಣ್ಣ ಚೆಂದ, ಆದರೆ ಚಿತ್ರ ಬರುವುದು ಸೆಕೆಂಡಿಗೆ 50 ಸಲ. ಆಟಗಳೆಲ್ಲ 60ರ ಲೆಕ್ಕದವು, ಹಿನ್ನೆಲೆ ಸರಿಯುವಾಗ ಸೋಲಿಂಗ್ ರಸ್ತೆಯಲ್ಲಿ ಜೀಪು ಹೋದ ಹಾಗೆ ಕುಲುಕುತ್ತಿತ್ತು. ಅಮೆರಿಕ, ಜಪಾನಿನ 60ರ ಪದ್ಧತಿ ಎನ್‌ಟಿಎಸ್‌ಸಿಗೆ ಹಾಕಿದರೆ ಓಟ ಬೆಣ್ಣೆ, ಚಿತ್ರ ಮಾತ್ರ ಕಪ್ಪು-ಬಿಳುಪು. ಮೈಸೂರಿನ ಗೆಳೆಯ ಫೋನಿನಲ್ಲಿ, "ನಾನು ಹೇಳ್ಲಿಲ್ವಾ" ಅಂತ ನಕ್ಕ.

ಟಿವಿಯ ಬೋರ್ಡು ಮಗುಚಿ ನೋಡಿದರೆ ಬಣ್ಣದ ಲೆಕ್ಕ ಹಿಡಿಯುವ ಕ್ರಿಸ್ಟಲ್ಲಿಗೆ ಎರಡು ಜಾಗ. ಒಂದರಲ್ಲಿ ಪ್ಯಾಲ್‌ನ 4.43 ಮೆಗಾಹರ್ಟ್ಸ್ ಕೂತಿತ್ತು, ಇನ್ನೊಂದು ಖಾಲಿ ತೂತು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಿಂದ ಎನ್‌ಟಿಎಸ್‌ಸಿಯ 3.58ರ ಕ್ರಿಸ್ಟಲ್ ತಂದೆ, ಹತ್ತೋ ಹದಿನೈದೋ ರೂಪಾಯಿ. ಬೆಸೆದೆ, ಬಣ್ಣ ಬರಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಪುಟ್ಟ ಪಾರ್ಟು ಬದಲಾಯಿಸಿದ ಮೇಲೆ ಬಂತು. ಯಾವುದು ಅಂತ ಈಗ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಮೂರು ವಾರ ಹಿಡಿಯಿತು, ನೀವೂ ಸ್ವಲ್ಪ ಒದ್ದಾಡಿ. ಕೊನೆಗೆ ಪೈನ ಕಾನ್‌ಫಿಗ್ ಫೈಲಿನಲ್ಲಿ ಎಸ್‌ಡಿಟಿವಿ ಮೋಡ್ 16, ಅಂದರೆ ಪ್ರತಿ ಸಲವೂ ಅದೇ 240 ಗೆರೆ ಎಳೆಯುವ ಮೋಡ್, ಹಾಕಿದ ಮೇಲೆ ಚಿತ್ರದ ನಡುಕವೂ ನಿಂತಿತು. 'ಸ್ಟ್ರೀಟ್ ಫೈಟರ್ 2' ಹಚ್ಚಿದಾಗ ಗೆರೆಗೆರೆಯಾಗಿ, ಹಳೆಯ ವಿಡಿಯೋ ಗೇಮ್ ಅಂಗಡಿಯಲ್ಲಿ ಕಂಡ ಹಾಗೇ ಕಂಡಿತು. ಬೆಳಗಿನ ಜಾವ ಒಂದೂವರೆ. ಎಬ್ಬಿಸಿ ತೋರಿಸೋಣ ಅಂದರೆ ಮನೆಯಲ್ಲಿ ಯಾರೂ ಏಳಲಿಲ್ಲ.

ಮಳೆಗಾಲ ಶುರುವಾದ ಮೇಲೆ ಹಂಚಿನ ಮೇಲಿನ ಸದ್ದಿಗೆ ಟಿವಿಯ ಸ್ಪೀಕರ್ ಕೇಳಿಸದಾಯಿತು. ಹಳೇ ಟೇಪ್ ರೆಕಾರ್ಡರಿನ ಆರಿಂಚಿನ ಸ್ಪೀಕರ್ ಟ್ಯೂಬಿನ ಪಕ್ಕವೇ ಕೂರಿಸಿದೆ. ಸದ್ದು ಬಂತು, ಜೊತೆಗೆ ಬಲಮೂಲೆಯಲ್ಲಿ ನೇರಳೆ ಹಣ್ಣು ತಿಂದ ನಾಲಿಗೆಯಂಥ ಕಲೆ. ಆ ಸ್ಪೀಕರಿನ ಅಯಸ್ಕಾಂತಕ್ಕೆ ಶೀಲ್ಡ್ ಇಲ್ಲ. ಕೆಳಗೆ ಇಳಿಸಿದರೂ ಕಲೆ ಹೋಗಲಿಲ್ಲ. ಇಂಥ ಅಯಸ್ಕಾಂತದ ಕಲೆ ಅಳಿಸುವ ಟಿವಿಯ ಸ್ವಂತ ಡಿಗಾಸ್ ಕೆಲಸ ಮಾಡುವುದು ತಣ್ಣಗಿದ್ದಾಗ ಹಚ್ಚಿದರೆ ಮಾತ್ರ. ಇಪ್ಪತ್ತು ನಿಮಿಷಕ್ಕೊಮ್ಮೆ ಆರಿಸಿ ಹಚ್ಚಿ ಆರಿಸಿ ಹಚ್ಚಿ ಬೇಜಾರಾಗಿ, ಸತ್ತ 14 ಇಂಚಿನ ಸೆಟ್ಟಿನ ಡಿಗಾಸ್ ಕಾಯಿಲ್ ಬಿಚ್ಚಿ ಎರಡು ಸುತ್ತಾಗಿ ಮಡಚಿ, ಸೀರೀಸ್ ಬೋರ್ಡಿನ ಬಲ್ಬಿಗೆ ಸೇರಿಸಿದೆ. ಪರದೆ ಮುಂದೆ ಆರತಿ ಎತ್ತಿದ ಹಾಗೆ ತಿರುಗಿಸುತ್ತಾ ಆರಡಿ ಹಿಂದಕ್ಕೆ ಬಂದು ಆಮೇಲೆ ಸ್ವಿಚ್ ಆಫ್. ಕಲೆ ಮಾಯ. ನೋಡುತ್ತಾ ನಿಂತಿದ್ದ ಅಮ್ಮ "ದೃಷ್ಟಿ ತೆಗೀತಿದ್ದೀಯಾ?" ಅಂದರು.

ಆ ಕಾಯಿಲ್ ಕೈಯಲ್ಲಿದ್ದದ್ದಕ್ಕೇ ಇನ್ನೊಂದು ಹುಚ್ಚು ಹತ್ತಿತು. 1980ರ 'ಪ್ಯಾಕ್‌ಮ್ಯಾನ್' ನಿಂತ ಪರದೆಯ ಆಟ, 224 ಅಗಲ, 288 ಎತ್ತರ. ಮಲಗಿದ ಟಿವಿಯಲ್ಲಿ 240 ಗೆರೆಗೆ ಹಿಸುಕಿದರೆ ಚುಕ್ಕಿಗಳು ಕುಳ್ಳಾಗುತ್ತವೆ. ಟ್ಯೂಬನ್ನೇ ನಿಲ್ಲಿಸಿಬಿಟ್ಟೆ. ಬಣ್ಣ ಅತ್ತಿತ್ತ ಓಡಿದ್ದನ್ನು ಕಾಯಿಲ್ ಸರಿಮಾಡಿತು. ಚೆನ್ನಾಗಿತ್ತು, ನಿಜವಾಗಿ ಚೆನ್ನಾಗಿತ್ತು. ಆದರೆ ಬೇರೆ ಆಟ ಆಡಬೇಕಾದರೆ ಮಕ್ಕಳು ಕತ್ತು ವಾಲಿಸಬೇಕು. ವಾರ ಬಿಟ್ಟು ಮತ್ತೆ ಮಲಗಿಸಿದೆ.

ನಾಣ್ಯ ಹಾಕಿ ಆಟ ಶುರುಮಾಡುವ ಡಬ್ಬಿಯದೂ ಅದೇ ಹಣೆಬರಹ. ಹಳೇ ಒಂದು ರೂಪಾಯಿಯನ್ನು ಮಾದರಿ ಇಟ್ಟರೆ ಅದು 2011ರಲ್ಲಿ ಬಂದ ಎರಡು ರೂಪಾಯಿಯನ್ನೂ ಖುಷಿಯಾಗಿ ನುಂಗುತ್ತದೆ, ಎರಡರ ಅಳತೆ ಹೆಚ್ಚೂಕಡಿಮೆ ಒಂದೇ. ಈಗಿನ ಒಂದು ರೂಪಾಯಿ ಸಣ್ಣದು, ಅದನ್ನು ಉಗುಳುತ್ತದೆ. ನನಗೆ ಲಾಭವೇ, ಮಗಳು ಒಪ್ಪಲಿಲ್ಲ.

ಥಂಡಿ ವಿಷಯದಲ್ಲಿ ಭಾವ ಹೇಳಿದ್ದು ಸುಳ್ಳಲ್ಲ. ಮೊದಲ ಮಳೆಗಾಲದಲ್ಲಿ ಹಚ್ಚಿದ ಕೂಡಲೇ ಕ್ಯಾಪಿನ ಸುತ್ತ ಒಗ್ಗರಣೆ ಹಾಕಿದ ಹಾಗೆ ಚಟಪಟ, ಕತ್ತಲಲ್ಲಿ ನೀಲಿ ಎಳೆ, ಮೂಗಿಗೆ ಖಾರ ವಾಸನೆ. 25 ಸಾವಿರ ವೋಲ್ಟು ಒದ್ದೆ ಧೂಳಿನ ಮೇಲೆ ದಾರಿ ಹುಡುಕುತ್ತಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ, ಕ್ಯಾಪಿನ ಅಂಚಿಗೆ ಸಿಲಿಕಾನ್ ಗ್ರೀಸ್ ಹಚ್ಚಿದೆ. ನಾಲ್ಕು ದಿನ ಸುಮ್ಮನಿತ್ತು, ಐದನೇ ದಿನ ಮತ್ತೆ ಚಟಪಟ. ಪರಿಹಾರ ಬಟ್ಟೆ ಬೀರುವಿನಲ್ಲೇ ಇತ್ತು. ಬೂಸ್ಟು ಹಿಡಿಯಬಾರದು ಅಂತ ಅಮ್ಮ ಅದರೊಳಗೆ ಮಳೆಗಾಲ ಪೂರ್ತಿ ಝೀರೋ ಬಲ್ಬು ಉರಿಸುತ್ತಾರೆ. ಅದನ್ನೇ ಪೆಟ್ಟಿಗೆಯ ತಳದಲ್ಲಿ ಹಾಕಿದೆ. ಎಲ್‌ಇಡಿ ಅಲ್ಲ, ಬಿಸಿಯಾಗುವ ಹಳೇ 15 ವ್ಯಾಟಿನದು. ಮರದಿಂದ ಒಂದು ಗೇಣು ದೂರ, ಮೇಲೆ ಗಾಳಿ ಹೋಗಲು ತೂತು. ಟಿವಿ ಆರಿದ್ದರೂ ಅದು ಉರಿಯುತ್ತಿರಬೇಕು. ಅಂದಿನಿಂದ ಒಮ್ಮೆಯೂ ಚಟಪಟ ಇಲ್ಲ. ಭಾವ ಬಂದು ಹಿಂದಿನ ಬಾಗಿಲು ತೆಗೆದು ಕೈಯಿಟ್ಟು ನೋಡಿ, "ಬಾಣಂತಿ ಕೋಣೆ ಮಾಡಿಟ್ಟಿದ್ದೀಯ" ಅಂದರು. ಆಮೇಲೆ ಒಂದು ಗಂಟೆ ಜಾಯ್‌ಸ್ಟಿಕ್ ಬಿಡಲಿಲ್ಲ.

ಕರೆಂಟು ಹೋಗಿ ಬಂದು ಎರಡು ಮೆಮೊರಿ ಕಾರ್ಡು ಹಾಳಾದವು. ಈಗ ಕಾರ್ಡನ್ನು ಓದಲು ಮಾತ್ರ ಬಿಟ್ಟಿದ್ದೇನೆ, ಬರೆಯಲು ಬಿಟ್ಟಿಲ್ಲ. ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗಿಗಂತೂ ಪ್ಲಗ್ಗೇ ಕೀಳುತ್ತೇನೆ.

ಗುಂಡಿ, ಜಾಯ್‌ಸ್ಟಿಕ್ 2,800, ಪೈ 2,500, ಆಚಾರ್ರಿಗೆ 3,000, ಇತರೆ ಸಣ್ಣಪುಟ್ಟ ಸೇರಿ ಒಟ್ಟು 17 ಸಾವಿರದ ಆಸುಪಾಸು. ಮನೆಯಲ್ಲಿ ಹೇಳಿರುವ ಲೆಕ್ಕ ಒಂಬತ್ತು. ರಾತ್ರಿ ಸದ್ದು ಮುಚ್ಚಿ ಆಡಿದರೂ ಮಗಳಿಗೆ ಪಕ್ಕದ ಕೋಣೆಯಿಂದಲೇ ಗೊತ್ತಾಗುತ್ತದೆ. ಎಲ್‌ಓಟಿಯ ಆ ಸಣ್ಣ 'ಕುಂಯ್' ಹದಿನೈದು ಸಾವಿರ ಹರ್ಟ್ಸ್‌ಗೂ ಮೇಲಿನದು, ಅವಳಿಗೆ ಕೇಳುತ್ತದೆ, ನನಗೆ ಎಂದೋ ನಿಂತುಹೋಗಿದೆ.

ಈಗ ಬೇಕಿರುವುದು ಒಂದು ಸ್ಪೇರ್ ಟ್ಯೂಬು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಯಾವ ಕಡೆಯಾದರೂ ಸರಿ, 21 ಇಂಚಿನ ಸೆಟ್ಟನ್ನು ಗುಜರಿಗೆ ಹಾಕುವವರಿದ್ದರೆ ಮೊದಲು ನನಗೆ ಹೇಳಿ. ಜೀಪು ತಂದು ಹೊತ್ತೊಯ್ಯುತ್ತೇನೆ, ಎರಡು ಕಿಲೋ ಮನೆ ಕಾಫಿಪುಡಿ ಕೊಡುತ್ತೇನೆ. ಕ್ರಿಸ್ಟಲ್ ಪಕ್ಕದ ಪಾರ್ಟು ಯಾವುದು ಅಂತಲೂ ಆಗ ಹೇಳುತ್ತೇನೆ.