ಲ್ಯಾಪ್‌ಟಾಪ್‌ನಲ್ಲಿ ವೈಫೈ ಇದೆಯೋ ಇಲ್ಲವೋ? ವಾಪಸ್ ಕೊಡುವ ಮುಂಚೆ ನೋಡಿ

ಹೋದ ವಾರ ಮಂಡ್ಯದಿಂದ ಅಕ್ಕನ ಮಗನ ಫೋನು. 'ಮಾವ, ಮೈಸೂರಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಲ್ಲಿ ವೈಫೈಯೇ ಇಲ್ಲ. ನಾಳೆ ಬಸ್ಸಿಗೆ ಬಂದು ವಾಪಸ್ ಕೊಟ್ಬಿಡ್ಲಾ?' 'ತಡಿಯೋ, ಬಸ್ ಚಾರ್ಜ್ ಉಳಿಸ್ತೀನಿ' ಅಂದೆ.

ಪರದೆಯ ಮೂಲೆಯಲ್ಲಿ ವೈಫೈ ಗುರುತು ಕಾಣದಿದ್ದರೆ ಒಳಗೆ ವೈಫೈ ಹಿಡಿಯುವ ಕಾರ್ಡೇ ಇಲ್ಲ ಅಂತ ತೀರ್ಮಾನಿಸಬೇಡಿ. ಕಾರ್ಡ್ ಇದ್ದೂ ಆಫ್ ಆಗಿರಬಹುದು, ಇಲ್ಲವೇ ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್ ಹೋಗಿರಬಹುದು. ಕಾರ್ಡೇ ಇಲ್ಲದ ಲ್ಯಾಪ್‌ಟಾಪ್ ಈಗ ಅಪರೂಪ. ಇಂಟೆಲ್ 2003ರಲ್ಲಿ 'ಸೆಂಟ್ರಿನೊ' ಹೆಸರಿನಲ್ಲಿ ವೈಫೈಯನ್ನೂ ಸೇರಿಸಿ ಕೊಡತೊಡಗಿದ ಮೇಲೆ ಅದು ಮಾಮೂಲಿಯಾಯಿತು. ಹಳೇ ಮಾಲಿನ ಮೇಲೆ ಆ ಸ್ಟಿಕ್ಕರ್ ಇದ್ದರೆ ಕಂಪನಿಯಿಂದ ಬಂದಾಗ ವೈಫೈ ಇತ್ತು ಅಂತ ಅರ್ಥ. ಈಗಲೂ ಒಳಗಿದೆ ಅನ್ನುವುದಕ್ಕೆ ಸ್ಟಿಕ್ಕರ್ ಗ್ಯಾರಂಟಿ ಕೊಡುವುದಿಲ್ಲ!

ಮೊದಲು ಸ್ವಿಚ್ಚು. ಹಳೇ ಲ್ಯಾಪ್‌ಟಾಪ್‌ಗಳ ಮುಂದಿನ ಅಂಚಿನಲ್ಲೋ ಪಕ್ಕದಲ್ಲೋ ಜಾರಿಸುವ ಪುಟ್ಟ ಸ್ವಿಚ್ ಇರುತ್ತದೆ. ಹೊಸದರಲ್ಲಿ ಮೇಲಿನ ಸಾಲಿನ ಕೀಲಿಗಳಲ್ಲಿ ಟವರಿನದೋ ವಿಮಾನದ್ದೋ ಚಿತ್ರ ಹುಡುಕಿ, ಎಫ್‌ಎನ್ ಕೀಲಿಯ ಜೊತೆ ಒತ್ತಿ ನೋಡಿ.

ಆಮೇಲೆ ಡಿವೈಸ್ ಮ್ಯಾನೇಜರ್, ಅಂದರೆ ಒಳಗಿನ ಬಿಡಿಭಾಗಗಳನ್ನೆಲ್ಲ ವಿಂಡೋಸ್ ತೋರಿಸುವ ಪಟ್ಟಿ. ಅಸಲಿ ಜಾತಕ ಇರುವುದು ಇಲ್ಲೇ. ವಿಂಡೋಸ್ ಕೀಲಿ ಹಿಡಿದು ಎಕ್ಸ್ ಒತ್ತಿದರೆ ಬರುವ ಪಟ್ಟಿಯಲ್ಲಿ ಅದು ಸಿಗುತ್ತದೆ. 'ನೆಟ್‌ವರ್ಕ್ ಅಡಾಪ್ಟರ್ಸ್' ಬಿಚ್ಚಿ. ವೈಫೈ, ವೈರ್‌ಲೆಸ್, 802.11 (ವೈಫೈಯದೇ ತಾಂತ್ರಿಕ ಹೆಸರು) ಇವುಗಳಲ್ಲಿ ಯಾವುದಾದರೂ ಕಂಡರೆ ಕಾರ್ಡ್ ಇದೆ. ಹೆಸರಿನ ಪಕ್ಕ ಕೆಳಮುಖದ ಬಾಣವಿದ್ದರೆ ಯಾರೋ ಆಫ್ ಮಾಡಿಟ್ಟಿದ್ದಾರೆ. ಬಲ ಕ್ಲಿಕ್ ಮಾಡಿ 'ಎನೇಬಲ್' ಒತ್ತಿ. ಇಥರ್ನೆಟ್ ಅಂದರೆ ವೈರು ಚುಚ್ಚುವ ಬಗೆ. ಬ್ಲೂಟೂತ್ ಬೇರೆ. 'ವ್ಯಾನ್ ಮಿನಿಪೋರ್ಟ್' ಅಂತ ಏಳೆಂಟು ಸಾಲು ಇರುತ್ತವೆ, ಅವೆಲ್ಲ ಬರೀ ಸಾಫ್ಟ್‌ವೇರ್, ಕಾರ್ಡಲ್ಲ.

ಅಲ್ಲಿ ಏನೂ ಸಿಗದಿದ್ದರೆ 'ಅದರ್ ಡಿವೈಸಸ್' ನೋಡಿ. ಹಳದಿ ಗುರುತಿನ ಜೊತೆ 'ನೆಟ್‌ವರ್ಕ್ ಕಂಟ್ರೋಲರ್' ಅಂತಿದ್ದರೆ, ಬಹುಮಟ್ಟಿಗೆ ಅದೇ ಡ್ರೈವರ್ ಇಲ್ಲದೆ ಕೂತಿರುವ ವೈಫೈ ಕಾರ್ಡು. ನೆಟ್ಟಿಲ್ಲದೆ ಡ್ರೈವರ್ ಇಳಿಸಿಕೊಳ್ಳುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಫೋನಿನ ನೆಟ್ಟು ಲ್ಯಾಪ್‌ಟಾಪಿಗೆ ಬರುತ್ತದೆ. ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ತೆಗೆದುಕೊಳ್ಳಿ.

ಎಲ್ಲೂ ಸುಳಿವಿಲ್ಲವೇ? ಚಾರ್ಜರ್ ಕಿತ್ತು, ಕೆಳಗಿನ ಮುಚ್ಚಳ ಬಿಚ್ಚಬೇಕು. ಕೈ ಪಳಗದವರು ರಿಪೇರಿಯವರಿಗೇ ಬಿಡಿ. ಕಪ್ಪು, ಬಿಳಿ ಬಣ್ಣದ ಎರಡು ಸಣ್ಣ ಆಂಟೆನಾ ವೈರು ಯಾವುದಕ್ಕೂ ಸೇರದೆ ಜೋತಾಡುತ್ತಿದ್ದರೆ, ಕಾರ್ಡನ್ನು ಯಾರೋ ಎತ್ತಿದ್ದಾರೆ. ಆಗ ಅಂಗಡಿಯವರ ಜೊತೆ ಜಗಳ ಮಾಡಿ. ಜಗಳ ಬೇಡವೆಂದರೆ ಯುಎಸ್‌ಬಿ ಡಾಂಗಲ್ (ಹೊರಗಿನಿಂದ ಸಿಕ್ಕಿಸುವ ಪುಟ್ಟ ವೈಫೈ ಸಾಧನ) ಚುಚ್ಚಿದರೂ ನಡೆಯುತ್ತದೆ.

ನಮ್ಮ ಹುಡುಗನಿಗೆ ಸಿಕ್ಕಿದ್ದು ಹಳದಿ ಗುರುತು. ಡ್ರೈವರ್ ಹಾಕಿದ ಮೇಲೆ ಮತ್ತೆ ಫೋನು: 'ಪಕ್ಕದ್ಮನೆ ವೈಫೈ ಕಾಣುತ್ತೆ ಮಾವ, ನಮ್ದೇ ಕಾಣಲ್ಲ.' ವೈಫೈ ತರಂಗದಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಬಗೆಗಳಿವೆ. ಅವನದು 2.4 ಮಾತ್ರ ಹಿಡಿಯುವ ಹಳೇ ಕಾರ್ಡು, ಮನೆಯ ರೂಟರಿನಲ್ಲಿ 5 ಒಂದೇ ಆನ್ ಆಗಿತ್ತು. 2.4 ಕೂಡ ಆನ್ ಮಾಡಿಸಿದೆ.