ಅಪಘಾತದ ಸಾವು: ಎಂವಿಸಿ (ಮೋಟಾರು ವಾಹನ ಅಪಘಾತ ಪರಿಹಾರ) ಕೇಸನ್ನು ನಾನು ಕಟ್ಟುವ ಬಗೆ

ರಸ್ತೆ ಅಪಘಾತದಲ್ಲಿ ತೀರಿಕೊಂಡವರ ಮನೆಯವರು ವಕೀಲರ ಬಳಿ ಬರುವುದು ಸಾಮಾನ್ಯವಾಗಿ ತಿಥಿ ಮುಗಿದ ಮೇಲೆ. ಅಷ್ಟರಲ್ಲಿ ಕೇಸಿನ ಅರ್ಧ ಹಣೆಬರಹ ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರಿನಲ್ಲಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ ದಾಖಲೆ) ಬರೆದಾಗಿರುತ್ತದೆ. ಹಾಗಾಗಿ ಎಫ್‌ಐಆರ್‌ಗಿಂತ ಮೊದಲು ನಾನು ತರಿಸಿ ನೋಡುವುದು ಅದನ್ನೇ. ಗಾಯಾಳುವನ್ನು ಸೇರಿಸಿದ ದಾರಿಹೋಕರು ಗಾಬರಿಯಲ್ಲಿ ‘ಬೈಕಿನಿಂದ ಬಿದ್ದರು’ ಅಂದಿದ್ದರೆ ಅಲ್ಲಿ ಹಾಗೇ ಇರುತ್ತದೆ. ಮೂರು ದಿನ ಬಿಟ್ಟು ಕೊಟ್ಟ ದೂರಿನಲ್ಲಿ ಲಾರಿ ಗುದ್ದಿತು ಅಂತ ಬಂದರೆ, ವಾಹನವನ್ನು ಆಮೇಲೆ ತಂದು ಸೇರಿಸಿದ್ದಾರೆ ಎಂದು ವಿಮಾ ಕಂಪನಿಯವರು ಪಾಟೀಸವಾಲಿನಲ್ಲಿ ಹಿಡಿದುಕೊಳ್ಳುತ್ತಾರೆ. ದೂರು ತಡವಾದರೆ ಕಾರಣ ದೂರಿನಲ್ಲೇ ಇರಬೇಕು. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಎರಡೂ ವಾಹನಗಳ ಜಖಂ ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂಬುದನ್ನೂ, ಸ್ಥಳ ನಕ್ಷೆಯನ್ನೂ ಒಟ್ಟಿಗೆ ಇಟ್ಟು ನೋಡುತ್ತೇನೆ.

ಇನ್ನೊಂದು ದೊಡ್ಡ ಎಡವಟ್ಟು ಮರಣೋತ್ತರ ಪರೀಕ್ಷೆಯದು. ತಿಂಗಳು ಚಿಕಿತ್ಸೆ ಪಡೆದು, ಡಿಸ್ಚಾರ್ಜ್ ಮಾಡಿಸಿಕೊಂಡು ಬಂದು ಮನೆಯಲ್ಲಿ ತೀರಿಕೊಂಡವರನ್ನು ಪೊಲೀಸರಿಗೆ ತಿಳಿಸದೆ ಮಣ್ಣು ಮಾಡಿಬಿಡುತ್ತಾರೆ. ಆಗ ಸಾವಿಗೂ ಆ ಗಾಯಕ್ಕೂ ಸಂಬಂಧ ತೋರಿಸಲು ಡಿಸ್ಚಾರ್ಜ್ ಸಾರಾಂಶ, ಗಾಯದ ಪ್ರಮಾಣಪತ್ರ ಮತ್ತು ವೈದ್ಯರ ಸಾಕ್ಷ್ಯವೇ ಗತಿ.

ನ್ಯಾಯಮಂಡಳಿಗೆ ಹಾಕುವ ಪರಿಹಾರದ ಅರ್ಜಿಗೆ ಮೋಟಾರು ವಾಹನ ಕಾಯ್ದೆಯ ಕಲಂ 166(3) ಆರು ತಿಂಗಳ ಗಡುವು ಹಾಕಿದೆ. 2022ರ ಏಪ್ರಿಲ್ 1ರಿಂದ ಜಾರಿ. ದೋಷಾರೋಪಣ ಪಟ್ಟಿಗೆ ಕಾಯಬೇಡಿ, ಅದನ್ನು ಆಮೇಲೆ ಹಾಜರುಪಡಿಸಬಹುದು. ಅಪಘಾತ ದೂರದ ಜಿಲ್ಲೆಯಲ್ಲಾಗಿದ್ದರೂ ಅರ್ಜಿದಾರರು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು. ವಂಶವೃಕ್ಷದಲ್ಲಿ ತೀರಿಕೊಂಡವರ ತಾಯಿಯ ಹೆಸರು ಬಿಟ್ಟುಹೋಗಿಲ್ಲವೆಂದು ಮಾತ್ರ ಖಾತ್ರಿ ಮಾಡಿಕೊಳ್ಳಿ. ಅತ್ತೆ ಸೊಸೆ ಜಗಳದಲ್ಲಿ ಇದು ಆಗುತ್ತಲೇ ಇರುತ್ತದೆ.

ಇನ್ನು ಲೆಕ್ಕ. ತೀರಿಕೊಂಡವರು 34 ವರ್ಷದ ಗಾರೆ ಮೇಸ್ತ್ರಿ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವಲಂಬಿತರು ಎಂದಿಟ್ಟುಕೊಳ್ಳಿ. ತಿಂಗಳ ಆದಾಯ 15,000 ಹಿಡಿದರೆ, ಸ್ವಂತ ದುಡಿಮೆಯ 40ರೊಳಗಿನವರಿಗೆ ಸುಪ್ರೀಂ ಕೋರ್ಟಿನ ಪ್ರಣಯ್ ಸೇಠಿ ತೀರ್ಪಿನಂತೆ (2017) ಭವಿಷ್ಯದ ಗಳಿಕೆಗೆ ಶೇ 40 ಸೇರಿ 21,000. ನಾಲ್ವರು ಅವಲಂಬಿತರಿರುವುದರಿಂದ ಸ್ವಂತ ಖರ್ಚಿಗೆ ಕಾಲುಭಾಗ ಕಳೆದು 15,750. ವರ್ಷಕ್ಕೆ 1,89,000. ಸರಳಾ ವರ್ಮಾ ತೀರ್ಪಿನ (2009) ಪಟ್ಟಿಯಲ್ಲಿ 31ರಿಂದ 35 ವರ್ಷದವರಿಗೆ ಗುಣಕ (ವರ್ಷದ ಮೊತ್ತವನ್ನು ವಯಸ್ಸಿಗೆ ತಕ್ಕಂತೆ ಗುಣಿಸುವ ಸಂಖ್ಯೆ) 16, ಒಟ್ಟು 30,24,000. ಇದೇ ಆದಾಯವನ್ನು 20,000 ಎಂದು ರುಜುವಾತು ಮಾಡಿದರೆ 40,32,000. ತಿಂಗಳ ಐದು ಸಾವಿರದ ಪುರಾವೆಗೆ ಹತ್ತು ಲಕ್ಷದ ಬೆಲೆ! ಅದಕ್ಕೇ ನಾನು ಬ್ಯಾಂಕ್ ಪಾಸ್‌ಬುಕ್, ಕಾರ್ಮಿಕ ಕಾರ್ಡು, ಕೆಲಸ ಕೊಟ್ಟವರ ಸಾಕ್ಷ್ಯ, ಸಾಲದ ಕಂತು ಕಟ್ಟಿದ ದಾಖಲೆ ಎಲ್ಲಾ ಕೆದಕುತ್ತೇನೆ. ಬರೀ ಸಂಬಳದ ಚೀಟಿ ತಂದು, ಅದನ್ನು ಬರೆದವರನ್ನು ಸಾಕ್ಷಿಕಟ್ಟೆಗೆ ಕರೆಸದಿದ್ದರೆ ಅದು ನಿಲ್ಲುವುದು ಕಷ್ಟ.

ವಯಸ್ಸಿಗೆ ಶಾಲೆಯ ಟಿಸಿಯೇ ಬೇಕು. ಆಧಾರ್ ಜನ್ಮದಿನದ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ವಯಸ್ಸು 36 ಎಂದಾದರೆ ಗುಣಕ 15ಕ್ಕೆ ಇಳಿದು ಮೇಲಿನ ಮೊದಲ ಲೆಕ್ಕದಲ್ಲೇ 1,89,000 ಹೋಗುತ್ತದೆ. ಇದರ ಮೇಲೆ ಸಾಹಚರ್ಯ ನಷ್ಟಕ್ಕೆ (ತೀರಿಕೊಂಡವರ ಒಡನಾಟ, ಆಸರೆ ಕಳೆದುಕೊಂಡದ್ದಕ್ಕೆ) ತಲಾ 40,000 ಇದೆ, ಮೂರು ವರ್ಷಕ್ಕೊಮ್ಮೆ ಶೇ 10 ಏರಿಕೆ. ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ತಾಯಿಗೂ ಕೇಳಬೇಕು.

ತಾನೇ ಸ್ಕಿಡ್ ಆಗಿ ಬಿದ್ದು ಸತ್ತ ಸವಾರನ ಮನೆಯವರಿಗೆ ಬೇರೆಯವರ ತಪ್ಪಿನ ಮೇಲೆ ಪರಿಹಾರ ಕೇಳುವ ಕಲಂ 166 ಒದಗುವುದಿಲ್ಲ. ಬೈಕ್ ಅವನ ಹೆಸರಿನಲ್ಲೇ ಇದ್ದು, ಲೈಸೆನ್ಸ್ ಇದ್ದು, ಪಾಲಿಸಿಯಲ್ಲಿ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಇದ್ದರೆ 15 ಲಕ್ಷ ಸಿಗುತ್ತದೆ. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ಸರ್ಕಾರಿ ಯೋಜನೆಯಲ್ಲಿ 2 ಲಕ್ಷ.

ಕಂಪನಿಯವರು ಕಲಂ 164ರ (ತಪ್ಪು ಯಾರದೆಂದು ರುಜುವಾತು ಮಾಡದೆ ಸಿಗುವ ನಿಗದಿತ ಪರಿಹಾರ) 5 ಲಕ್ಷ ಬೇಗ ಕೊಡುತ್ತೇವೆ ಅಂದರೆ ಮೇಲಿನ ಲೆಕ್ಕ ಹಾಕಿಯೇ ಉತ್ತರಿಸಿ: ಅದನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯಲ್ಲಿರುವ ಅರ್ಜಿ ಬಿದ್ದುಹೋಗುತ್ತದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೂ ಮೇಲ್ಮನವಿ ಇಲ್ಲ. ನ್ಯಾಯಮಂಡಳಿಯ ತೀರ್ಪು ಕಡಿಮೆಯಾಯಿತು ಅನ್ನಿಸಿದರೆ ಹೈಕೋರ್ಟಿಗೆ ಹೋಗಲು 90 ದಿನ.