ಅಪೀಲಿನ ಗಡುವು ಮುಗಿದ ಮೇಲೆ ನಾನು ಮಾಡಿದ್ದು

ಆದಾಯ ತೆರಿಗೆ ಆದೇಶ ಬಂದು 71 ದಿನ ಆಗಿದೆ ಅಂತ ನನಗೆ ಗೊತ್ತಾದದ್ದು ಬಾಕಿ ವಸೂಲಿಯ ಮೆಸೇಜ್ ಬಂದಾಗ. ಪೋರ್ಟಲ್‌ನಲ್ಲಿ ಇದ್ದದ್ದು ಹಳೇ ಆಡಿಟರ್ ಇಮೇಲ್. ಅವರು ನಮ್ಮ ಅಂಗಡಿ ಲೆಕ್ಕ ಬಿಟ್ಟು ವರ್ಷವಾಗಿತ್ತು. ಅಪೀಲಿಗೆ ಇರೋದು ಡಿಮ್ಯಾಂಡ್ ನೋಟಿಸ್ (ಇಷ್ಟು ತೆರಿಗೆ ಕಟ್ಟಿ ಅನ್ನೋ ನೋಟಿಸ್) ತಲುಪಿದ ಮೇಲೆ 30 ದಿನ. "ಮುಗೀತಲ್ಲ, ಕಟ್ಟಿಬಿಡಿ" ಅಂದರು ಪಕ್ಕದಂಗಡಿಯವರು.

ಮುಗಿದಿರಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 249(3)ನೇ ಕಲಮಿನ ಪ್ರಕಾರ, ತಡಕ್ಕೆ ತಕ್ಕ ಕಾರಣ ಇದ್ದರೆ ಅಪೀಲು ಕಮಿಷನರ್ ಮನ್ನಿಸಬಹುದಿತ್ತು. ಅಪೀಲು ಹಾಕೋ ಫಾರ್ಮ್ 35ರಲ್ಲೇ ವಿಳಂಬದ ಕಾರಣ ಬರೆಯೋಕೆ ಜಾಗ ಇತ್ತು. ನಾನು ಜಾಣತನ ಮಾಡಿ 'ಅನಾರೋಗ್ಯ' ಅಂತ ಗೀಚಿದ್ದೆ. ಹೊಸ ಆಡಿಟರ್ ಕೆಂಪು ಪೆನ್ನಲ್ಲಿ ಹೊಡೆದುಹಾಕಿ, "ಆಸ್ಪತ್ರೆ ಚೀಟಿ ಎಲ್ಲಿ ಸಾರ್?" ಅಂದರು. ಆಮೇಲೆ ನಡೆದದ್ದನ್ನೇ ತಾರೀಖು ಸಮೇತ ಬರೆದೆವು. ಜೊತೆಗೆ ಅಫಿಡವಿಟ್, ಹಳೇ ಆಡಿಟರ್ ಕೊಟ್ಟ ಪತ್ರ. ಶುಲ್ಕ 1,000 ರೂಪಾಯಿ.

ಒಂದು ಮಾತು: ಅಪೀಲು ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲೋದಿಲ್ಲ. ಬಾಕಿಯಲ್ಲಿ ಶೇ. 20ರಷ್ಟು ಕಟ್ಟಿ, ಉಳಿದದ್ದಕ್ಕೆ ತಡೆ ಕೊಡಿ ಅಂತ ಬೇರೆ ಅರ್ಜಿ ಹಾಕಬೇಕಾಯಿತು.

ವಿಳಂಬ ಮನ್ನಾ ಆಯಿತು. ಕೇಸು ಇನ್ನೂ ನಡೀತಿದೆ. ಪೋರ್ಟಲ್‌ನಲ್ಲಿ ಈಗ ನನ್ನದೇ ಇಮೇಲ್, ಜೊತೆಗೆ ಮಗಳ ನಂಬರ್.